ಅತ್ತೆ ಕುಡಿಯದ ನೀರು

ಎಂಬತ್ತರ ದಶಕದ ಕೊನೆಯಲ್ಲಿ ನಾವು ವೆಸ್ಟ್ ವಿಂಡ್ಸರ್‌ನಲ್ಲಿದ್ದೆವು. ನಾನು ಮ್ಯಾನ್‌ಹಟನ್‌ಗೆ ದಿನಾ ರೈಲಿನಲ್ಲಿ ಕಮ್ಯೂಟ್ ಮಾಡುತ್ತ, ಎತ್ತರದ ಕಟ್ಟಡಗಳಿಗೆ ನೀರಿನ ಪಂಪು, ವಾಲ್ವುಗಳನ್ನು ಡಿಸೈನ್ ಮಾಡುವ ಕೆಲಸದಲ್ಲಿದ್ದೆ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದ ನನ್ನ ಅತ್ತೆ, ಗಂಡನ ತಾಯಿ, ಒಂದು ಬೆಳಿಗ್ಗೆ ತಲೆ ಹಿಡಿದುಕೊಂಡು ಅಡುಗೆಮನೆಯಲ್ಲೇ ಕುಸಿದರು. ಮೆದುಳಿನ ರಕ್ತನಾಳವೊಂದು ಒಡೆದಿತ್ತು. ಆಪರೇಷನ್ ಮಾಡಿ ಅದನ್ನು ಮುಚ್ಚಿದರು. ಅತ್ತೆಗೆ ಎಚ್ಚರವಾಯಿತು, ಮಾತಾಡಿದರು, ಆಸ್ಪತ್ರೆಯ ಟೋಸ್ಟನ್ನು ಬೈದರು. ಗೆದ್ದೆವು ಅಂದುಕೊಂಡೆವು.

ಇನ್ನೂ ಎರಡು ವಾರ ಅಪಾಯವಿದೆ ಎಂದರು ಡಾಕ್ಟರ್. ಆರೋಗ್ಯವಂತರ ಮೆದುಳು ತನ್ನ ರಕ್ತವನ್ನು ತಾನೇ ನೋಡಿಕೊಳ್ಳುತ್ತದಂತೆ. ಬಿಪಿ ಇಳಿದರೆ ಅಲ್ಲಿನ ಸಣ್ಣ ನಾಳಗಳು ಹಿಗ್ಗುತ್ತವೆ, ಏರಿದರೆ ಕುಗ್ಗುತ್ತವೆ. ನಾವು ಮಲಗಿರಲಿ, ಎದ್ದು ನಿಲ್ಲಲಿ, ಒಳಗೆ ಹರಿಯುವ ರಕ್ತ ಹೆಚ್ಚುಕಡಿಮೆ ಅಷ್ಟೇ. ರಕ್ತಸ್ರಾವವಾದ ಮೆದುಳಿಗೆ ಆ ಹಿಡಿತ ತಪ್ಪಿರುತ್ತದೆ. ಜೊತೆಗೆ, ಚೆಲ್ಲಿದ ರಕ್ತದಿಂದ ದೊಡ್ಡ ನಾಳಗಳೂ ಕೆಲವು ದಿನ ಬಿಗಿದುಕೊಳ್ಳಬಹುದು. ಆಗ ಮೈಯಲ್ಲಿ ನೀರು ಕಡಿಮೆಯಾಗಿ ಬಿಪಿ ಬಿದ್ದರೆ ಮೆದುಳಿಗೆ ರಕ್ತ ಸಾಲದು. ನನಗೆ ಇದು ಥಟ್ಟನೆ ಅರ್ಥವಾಯಿತು. ವಾಲ್ವ್ ಕೆಟ್ಟ ಕಟ್ಟಡದಲ್ಲಿ ಕೆಳಗೆ ಒತ್ತಡ ಬಿದ್ದರೆ ಮೇಲಿನ ಮಹಡಿಯ ನಲ್ಲಿ ಒಣಗುತ್ತದೆ; ಅದು ನನ್ನ ದಿನನಿತ್ಯದ ಕೆಲಸ. ಗಂಡನಿಗೆ, ಬೆಲ್‌ರೋಸ್‌ನಿಂದ ನೋಡಲು ಬಂದ ನೆಂಟರಿಗೆ, ಎಲ್ಲರಿಗೂ ನಾನೇ ಪಾಠ ಮಾಡಿದೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಎಂಟನೆಯ ದಿನ ಅತ್ತೆಯ ಕೈ ಊದಿತೆಂದು ಡ್ರಿಪ್ ತೆಗೆದರು. ಇನ್ನು ಬಾಯಲ್ಲೇ ಕುಡಿಸಿ, ಪ್ರತಿ ಲೋಟವನ್ನೂ ಈ ಚಾರ್ಟ್‌ನಲ್ಲಿ ಬರೆಯಿರಿ ಎಂದು ನರ್ಸ್ ನನ್ನ ಕೈಗೆ ಪೆನ್ನು ಕೊಟ್ಟು ಹೋದಳು.

ಅತ್ತೆ ಬಾಯಿ ಬಿಗಿದರು. "ಇವತ್ತು ಏಕಾದಶಿ ಕಣೇ. ನಲವತ್ತು ವರ್ಷದಿಂದ ಏಕಾದಶಿ ದಿನ ಒಂದ್ ತೊಟ್ಟು ನೀರು ಮುಟ್ಟಿಲ್ಲ. ಆ ನರ್ಸ್ ಹುಡುಗೀಗೆ ಹೇಳ್ಬೇಡ."

ಕಾಯಿಲೆಯವರಿಗೆ ವಿನಾಯಿತಿ ಇದೆಯೆಂದು ನನಗೆ ಗೊತ್ತಿತ್ತು. ಗಂಡನ ಆಫೀಸಿಗೆ ಫೋನ್ ಮಾಡಿದ್ದರೆ ಬಂದು ಗದರಿಸಿ ಕುಡಿಸುತ್ತಿದ್ದರು. ಮಾಡಲಿಲ್ಲ. ಭಕ್ತಿಯಿಂದ ಎಂದರೆ ಅದೂ ಸುಳ್ಳೇ. ಮದುವೆಯಾಗಿ ಆರು ವರ್ಷ, ಮಡಿಯಿಲ್ಲ, ಆಚಾರವಿಲ್ಲ ಎಂದು ಅವರಿಂದ ಬರೀ ಕೊಂಕು ಕೇಳಿದವಳು ನಾನು. ಒಂದು ದಿನಕ್ಕಾದರೂ ಅವರ ಬಾಯಲ್ಲಿ ಒಳ್ಳೆಯವಳಾಗಬೇಕಿತ್ತು. ಆಸ್ಪತ್ರೆಯವರು ಕೊಟ್ಟಿದ್ದ ಜ್ಯೂಸನ್ನು ಸಿಂಕಿಗೆ ಸುರಿದೆ, ಚಾರ್ಟ್‌ನಲ್ಲಿ ಒಂದು ಲೋಟ ಎಂದು ಬರೆದೆ. ಸಂಜೆಯೊಳಗೆ ಎಂಟು ಲೋಟ ಬರೆದಿದ್ದೆ, ಮುದ್ದಾದ ಇಂಜಿನಿಯರ್ ಅಕ್ಷರದಲ್ಲಿ. ಅತ್ತೆ ಮೊದಲ ಸಲ ನನ್ನ ಕೈ ಹಿಡಿದು, "ನೀನು ನನ್ ಮಗಳಿದ್ದ ಹಾಗೆ" ಅಂದರು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಬೆಳಿಗ್ಗೆ ಅವರಿಗೆ ಮಾತು ಹೊರಡಲಿಲ್ಲ. ಬಲಗೈ ಹಾಸಿಗೆಯ ಮೇಲೆ ಬಿದ್ದೇ ಇತ್ತು. ಡಾಕ್ಟರ್ ಚಾರ್ಟ್ ನೋಡಿದರು. ನೀರು ಚೆನ್ನಾಗಿಯೇ ಕುಡಿದಿದ್ದಾರೆ, ಬೇರೇನೋ ಇರಬೇಕು ಎಂದು ಮೊದಲು ಸ್ಕ್ಯಾನ್‌ಗೆ ಕಳಿಸಿದರು. ನಾನು ಬಾಯಿ ತೆರೆದರೆ ಸಾಕಿತ್ತು. ಪಕ್ಕದಲ್ಲಿ ಗಂಡ ನಿಂತಿದ್ದರು, ನಾನು ತೆರೆಯಲಿಲ್ಲ. ಅವರು ಕಾಫಿ ತರಲು ಹೋದ ಮೇಲೆ, ಅಂದರೆ ಒಂದೂವರೆ ಗಂಟೆ ಕಳೆದ ಮೇಲೆ, ನರ್ಸ್ ಹತ್ತಿರ ಹೋಗಿ ಕೆಲವು ಲೋಟ ಚೆಲ್ಲಿರಬಹುದೇನೋ ಅಂದೆ. ಆಗಲೂ ಪೂರ್ತಿ ಹೇಳಲಿಲ್ಲ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ ಡಾಕ್ಟರನ್ನು ಕರೆಯಲು ಓಡಿದಳು. ಮತ್ತೆ ಡ್ರಿಪ್ ಹಾಕಿ ಬಿಪಿ ಏರಿಸಿದರು. ಸಂಜೆಗೆ ಕೈ ಸ್ವಲ್ಪ ಅಲುಗಿತು. ಮಾತು ಪೂರ್ತಿ ಬರಲೇ ಇಲ್ಲ.

ನೀರು ಕುಡಿದಿದ್ದರೂ ಹೀಗೇ ಆಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಬಹುದಿತ್ತು. ಇಲ್ಲ ಎಂದುಬಿಟ್ಟರೆ ಎಂದು ಹೆದರಿ ಕೇಳಲಿಲ್ಲ. ಗಂಡನಿಗೆ ಇವತ್ತಿಗೂ ಹೇಳಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮೈ ಬಿಸಿಯಾಗುತ್ತದೆ.

ಆಮೇಲೆ ನಾಲ್ಕು ವರ್ಷ ಅತ್ತೆ ನಮ್ಮ ಜೊತೆಯೇ ಇದ್ದರು. ಅವರಲ್ಲಿ ಉಳಿದದ್ದು ಹತ್ತಿಪ್ಪತ್ತು ಮಾತು. ಮಗನ ಹೆಸರೇ ಒಮ್ಮೊಮ್ಮೆ ತಪ್ಪುತ್ತಿತ್ತು. ಆದರೆ ಮನೆಗೆ ಯಾರೇ ಬರಲಿ, ಎಡಗೈಯಿಂದ ನನ್ನ ಸ್ವೆಟರ್ ಹಿಡಿದೆಳೆದು, ಹಣೆ ಬೆವರುವಷ್ಟು ಕಷ್ಟಪಟ್ಟು, "ಇವಳು... ವ್ರತ... ಉಳಿಸಿದ್ಲು" ಎನ್ನುತ್ತಿದ್ದರು. ಅತ್ತೆಯ ಪರವಾಗಿ ನಾನು ಉಪವಾಸ ಮಾಡುತ್ತೇನೆಂದು ಬಂದವರು ತಿಳಿದುಕೊಳ್ಳುತ್ತಿದ್ದರು. "ಆಂಟಿ, ಯು ಆರ್ ಸೋ ಲಕ್ಕಿ, ಇಂಥ ಸೊಸೆ ಯಾರಿಗೆ ಸಿಗ್ತಾರೆ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನೂ ಅವರು ವಿನಯ ಎಂದೇ ತಿಳಿದರು.