ಬೈಸಿಕೊಳ್ಳುತ್ತಿದ್ದ ಆಯಿ

ನಿನ್ನೆ ಮುಂಜಾನೆ ಮಾಳಿಗೆಯ ಮೇಲೆ ಅರಿವೆ ಒಣಹಾಕುವಾಗ ಎಲ್ಲಿಂದಲೋ ಮಶೇರಿ ಹುರಿಯುವ ಘಾಟು ಬಂತು. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಚಟ ನಮ್ಮ ನಿಪ್ಪಾಣಿ ಕಡೆಯ ಹೆಂಗಸರಿಗೆ ಮೊದಲಿನಿಂದಲೂ ಉಂಟು. ಹಸಿ ಅರಿವೆ ಕೈಯಲ್ಲಿ ಹಿಡಿದು ಹಾಗೇ ನಿಂತೆ. ಬಾಜೂ ಮನೆಯ ಮುದುಕಿ ಆಯಿ ತೀರಿಹೋಗಿ ಎಷ್ಟೋ ವರ್ಷಗಳಾದವು...

ಆಕೆ ಬೇಡಕಿಹಾಳದ ಕಡೆಯವಳು. ಅರ್ಧ ಮರಾಠಿ, ಅರ್ಧ ಕನ್ನಡ, ಬಾಯಿತುಂಬ ಮಶೇರಿ.

ಆಗ ನನ್ನ ಮಗಳು ಐದನೆಯ ಇಯತ್ತೆ. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆಂದು ಸಂಜೆಯ ಕೋಚಿಂಗಿಗೆ ಹಾಕಿದ್ದೆವು. ಬರಬರುತ್ತ ಕೂಸು ಬದಲಾಯಿತು. ಮುಂಜಾನೆ ಹೊಟ್ಟೆನೋವು, ತಿಂದದ್ದೆಲ್ಲ ವಾಂತಿ, ಉಗುರು ಕಡಿದು ಕಡಿದು ಬೆರಳ ತುದಿ ಕೆಂಪು. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ದೃಷ್ಟಿ ತೆಗೆದೆ, ವಿಠೋಬಾನಿಗೆ ಬೇಡಿಕೊಂಡೆ. ಕೇಳಿದರೆ, "ಏನಿಲ್ಲ ಬೇ" ಅಂದು ಮುಖ ತಿರುವುತ್ತಿದ್ದಳು.

ಒಂದು ದಿನ ರೊಟ್ಟಿ ಪೂರ್ತಿ ತಿಂದಳು, ಅದು ಹೊಟ್ಟೆಯಲ್ಲಿ ನಿಂತಿತು. ದೇವರಿಗೆ ಕೈ ಮುಗಿದೆ. ಆದರೆ ನನ್ನ ಸ್ವಭಾವ ಹಾಗೆ, ಒಳ್ಳೆಯದು ಬಂದರೂ ಯಾವ ಬಾಗಿಲಿಂದ ಬಂತು ಅಂತ ನೋಡುವವಳು. ನೋಡಿದರೆ, ಕೋಚಿಂಗ್ ಮುಗಿಸಿ ಆಯಿಯ ಹಿತ್ತಲಿಗೆ ಹೋಗಿ ಬರುತ್ತಿದ್ದಾಳೆ, ಫ್ರಾಕಿನ ತುಂಬ ಮಶೇರಿ ವಾಸನೆ! ಹಲ್ಲುನೋವು ಅಂದರೆ ಸಣ್ಣ ಹುಡುಗರಿಗೂ ಮಶೇರಿ ತಿಕ್ಕುವವರನ್ನು ಕಂಡಿದ್ದೆ. ಹೊಟ್ಟೆನೋವಿಗೆ ಈಕೆಯೂ ಚಿಟಿಕೆ ಕೊಡುತ್ತಿದ್ದಾಳೋ ಏನೋ...

"ಬಾಯಿ ತಗಿ," ಅಂದೆ. ಹಲ್ಲು ಬೆಳ್ಳಗಿದ್ದವು. ಅಷ್ಟಕ್ಕೇ ಸಂಶಯ ಹೋಗುತ್ತದೆಯೇ?

ಮರುದಿನ ಸಂಜೆ ಹಿತ್ತಲ ಗೋಡೆಯ ಮರೆಗೆ ಹೋಗಿ ನಿಂತೆ. ಆಯಿ ನೆಲಕ್ಕೆ ಕೂತಿದ್ದಳು. ಎದುರಿಗೆ ನನ್ನ ಮಗಳು, ಕೈಯಲ್ಲಿ ಲಟ್ಟಣಿಗೆ.

"ಏಳ ಎಂಟ್ಲೆ ಎಷ್ಟ?"

"ನನಗೇನ ಗೊತ್ರೀ ಸರ, ನಾ ಮಶೇರಿ ತಿಕ್ಕಾಕಿ."

ನನಗೆ ನಗು ಬಂತು. ಮಗಳು ನಗಲಿಲ್ಲ.

"ದಡ್ಡಿ! ಬೆಂಚಿನ ಮ್ಯಾಲೆ ನಿಂದ್ರು. ಎಲ್ಲಾರೂ ಈಕಿನ್ನ ನೋಡಿ ನಗ್ರಿ. ಮನ್ಯಾಗ ಹೇಳಿದ್ಯಂದ್ರ ನಾಳೆ ಡಬಲ್ ಶಿಕ್ಷಾ!"

ಆಯಿ ಮೊಳಕಾಲು ಹಿಡಿದುಕೊಂಡು ಅರಿವೆ ಒಗೆಯುವ ಕಲ್ಲು ಹತ್ತಿ ನಿಂತಳು. "ಕಿವಿ ಮಂದ ಆಗ್ಯಾವ್ರಿ ಸರ. ಮನ್ಯಾಗ ಹೇಳಿದ್ರ ಏನ ಮಾಡ್ತೀರಿ? ಜೋರ ಹೇಳ್ರಿ."

ಮಗಳು ಗಂಟಲು ಹರಿಯುವಂತೆ ಕೂಗಿದಳು. ಕೂಗಿ ಕೂಗಿ ಅತ್ತಳು. ಆಯಿ ಕೆಳಗಿಳಿದು ಸೆರಗಿನೊಳಗೆ ಎಳೆದುಕೊಂಡಳು.

ಆ ಕೋಚಿಂಗಿನ ಸರ್ ಮೇಲೆ ನನಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ ನೋಡಿ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಮರುದಿನದಿಂದಲೇ ಕೋಚಿಂಗ್ ಬಿಡಿಸಿದೆ. ವಸತಿ ಶಾಲೆ ತಪ್ಪಿತು, ಮಗಳು ಉಳಿದಳು. ಅಷ್ಟು ಸಾಕು.

ಆಯಿಯನ್ನು ಕೇಳಿದೆ: "ನಿಮಗ ಮೊದಲ ಗೊತ್ತಿತ್ತಲ್ರಿ. ನನಗ್ಯಾಕ ಹೇಳಲಿಲ್ಲ?"

"ಕೂಸು ಆಣಿ ಹಾಕಿತ್ತ ಬೇ, ಹ್ಯಾಂಗ ಹೇಳ್ಲಿ? ನೀ ಸಂಶಯದಾಕಿ, ಒಂದಿನಾ ಗೋಡಿ ಹಿಂದ ಬಂದ ನಿಂದರ್ತೀ ಅಂತ ಗೊತ್ತಿತ್ತ. ನಿನ್ನ ಕೈಬಳಿ ಸಪ್ಪಳ ಕೇಳಿದ ಮ್ಯಾಲೇ ನನ್ನ ಕಿವಿ ಮಂದ ಆದೂ," ಅಂದು ಕರೀ ಹಲ್ಲು ಬಿಟ್ಟು ನಕ್ಕಳು.

ನಿಜವೋ, ಕದ್ದು ನಿಂತವಳ ಮಾನ ಉಳಿಸಲು ಅಂದಳೋ... ಇಂದಿಗೂ ತಿಳಿದಿಲ್ಲ. ಕೇಳೋಣವೆಂದರೆ ಆಕೆಯೇ ಇಲ್ಲ.

ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಅವರ ಹುಡುಗಿಯೂ ಟ್ಯೂಷನ್ನಿಗೆ ಹೋಗುತ್ತದೆ, ಅಂಗಿಯ ಕಾಲರ್ ಕಚ್ಚುತ್ತ ಬರುತ್ತದೆ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ಕರೆದೆ: "ಬಾರವ್ವ, ನನಗ ಪಾಠ ಹೇಳಿಕೊಡು. ನನಗ ಏನೂ ಬರಂಗಿಲ್ಲ." ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿತು, ಬರಲಿಲ್ಲ. ಆಯಿಗಿದ್ದ ಸಲಿಗೆ ನನಗೆಲ್ಲಿಂದ ಬರಬೇಕು... ಬೈಸಿಕೊಳ್ಳಲು ಕೂಡುವ ದೊಡ್ಡವರು ಈ ಓಣಿಯಲ್ಲಿ ಆಕೆಯೊಬ್ಬಳೇ ಇದ್ದಳು.

ಕಿಟಕಿಯ ಪಡದೆಯ ಹಿಂದೆ ಹುಡುಗಿಯ ತಾಯಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೋಡಲಿ. ಇಂದು ಸಂಜೆಯೂ ಅಲ್ಲೇ ಕೂಡುತ್ತೇನೆ.