ಸೋನಿಯ ಕೊರಳಿಗೆ ನಾನು ಹೊಲಿದ ಪಟ್ಟಿ

ಕುಸುಮ ವಹಿನಿ, ಸೋನಿಯನ್ನು ಕೊಂದದ್ದು ನಾನು. ನೀವಲ್ಲ. ಅದು ಸತ್ತದ್ದು ವಿಷದಿಂದಲೂ ಅಲ್ಲ — ನಾನೇ ಅಳತೆ ತೆಗೆದು, ನಾನೇ ಹೊಲಿದು, ನಾನೇ ಅದರ ಕೊರಳಿಗೆ ಹಾಕಿದ ಪಟ್ಟಿಯಿಂದ. ಠಾಕುರ್ಲಿಯ ಆ ಚಾಳು ನಿಮ್ಮ ಮೇಲೆ ಹೊರಿಸಿದ ಪಾಪ ನನ್ನದು. ಇದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಉಳಿದದ್ದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಬಾಯಿ ಕಟ್ಟೀತು.

ಗದಗಿನಿಂದ ಮದುವೆಯಾಗಿ ಬಂದಾಗ ಗಿರಿಜೆಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ. ನಾನು ಬೆಳಗಿನ ಲೋಕಲ್ ರೈಲು ಹಿಡಿದು ಠಾಣೆಯ ಫ್ಯಾಕ್ಟರಿಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವವನು. ಪಕ್ಕದ ಖೋಲಿಯ ನೀವೇ ಅವಳಿಗೆ ನಲ್ಲಿಯ ಸರದಿ, ರೇಷನ್ ಅಂಗಡಿಯ ಸಾಲು, ಲೇಡೀಸ್ ಡಬ್ಬಿಗೆ ನುಗ್ಗುವ ಬಗೆ ಎಲ್ಲವನ್ನೂ ಕಲಿಸಿದವರು. ನಿಮ್ಮ ಮಂಚದ ಕೆಳಗೆ ಹುಟ್ಟಿದ ಕಂದು ಬೆಕ್ಕಿನ ಮರಿಯೊಂದನ್ನು ತಂದು, ಒಬ್ಬಳೇ ಕೂತು ಅಳಬೇಡ ಎಂದು ಅವಳ ಉಡಿಯಲ್ಲಿ ಹಾಕಿದವರೂ ನೀವೇ. ನನಗೆ ನೀವು ವಹಿನಿ, ಅಂದರೆ ಅತ್ತಿಗೆ; ನಿಮಗೆ ನಾನು ಭಾವೂಜಿ. ಅವಳು ನಿಮ್ಮನ್ನು ಅಕ್ಕ ಅನ್ನುತ್ತಿದ್ದಳು. ಮರಾಠಿ ಕಲಿತ ಮೇಲೂ ಆ ಒಂದು ಮಾತನ್ನು ಬದಲಿಸಲಿಲ್ಲ.

ಸೋನಿ ಮನೆಯೊಳಗೆ ನಿಲ್ಲುವ ಬೆಕ್ಕಲ್ಲ. ನಮ್ಮಲ್ಲಿ ಹಾಲು-ಅನ್ನ, ನಿಮ್ಮಲ್ಲಿ ಮೀನಿನ ತಲೆ, ಆಮೇಲೆ ಹಂಚಿನ ಮೇಲಿಂದ ಹಾರಿ ರೈಲ್ವೆಯ ಮುಳ್ಳುತಂತಿ ದಾಟಿ ಹಳಿಯಾಚೆಯ ಪೊದೆಗಳಲ್ಲಿ ದಿನವಿಡೀ ತಿರುಗಾಟ. ಬೆಕ್ಕುಗಳು ಹೆಚ್ಚಾದಾಗ ಚಾಳಿನ ಮಂಡಳಿಯವರು ಬೆಕ್ಕು ಹಿಡಿಯುವ ಗೋಣಿಚೀಲದವನನ್ನು ಕರೆಸುತ್ತಿದ್ದರು. ಕೊರಳಲ್ಲಿ ಏನಾದರೂ ಇದ್ದರೆ ಅದು ಮನೆಯ ಬೆಕ್ಕು, ಬಿಟ್ಟುಬಿಡುತ್ತಿದ್ದ. ಬರಿಗೊರಳಿನದು ಚೀಲಕ್ಕೆ, ಅಲ್ಲಿಂದ ಖಾಡಿಯ ಹಿನ್ನೀರಿನಾಚೆಗೆ. ಅದಕ್ಕೇ ಗಿರಿಜೆ ಹೂ ಕಟ್ಟುವ ದಾರವನ್ನು ಮೂರೆಳೆ ಹೆಣೆದು ಸೋನಿಗೆ ಕಟ್ಟುತ್ತಿದ್ದಳು. ಅದು ವಾರಕ್ಕೊಮ್ಮೆಯಾದರೂ ಹರಿದುಕೊಂಡು ಬರುತ್ತಿತ್ತು. ಇವಳು ಬೇಸರವಿಲ್ಲದೆ ಮತ್ತೆ ಕಟ್ಟುತ್ತಿದ್ದಳು.

ಬೇಸರ ಬಂದದ್ದು ನನಗೆ. ನನ್ನ ಕೆಲಸವೇ ಅಂಥದ್ದು, ವಹಿನಿ. ನಮ್ಮ ಫ್ಯಾಕ್ಟರಿಯಲ್ಲಿ ಹೋಲ್ಡಾಲಿಗೆ, ಸೂಟ್‌ಕೇಸಿಗೆ ಹಾಕುವ ನೈಲಾನ್ ಪಟ್ಟಿ ನೇಯುತ್ತಿದ್ದರು. ಪಟ್ಟಿಗೆ ತೂಕದ ಕಲ್ಲು ತೂಗುಹಾಕಿ ಹರಿಯುತ್ತದೆಯೋ ಇಲ್ಲವೋ ನೋಡುವುದು ನನ್ನ ಪಾಲಿನ ಕೆಲಸ. ಹರಿದರೆ ಅದು ಕಸ. ದಿನವೆಲ್ಲ ಹರಿಯುವುದನ್ನು ಬೈದು ಬಂದವನ ಕಣ್ಣಿಗೆ ಹೆಂಡತಿಯ ಮೂರೆಳೆ ದಾರ ಹೇಗೆ ಕಾಣಬೇಕು? ಗೋಣಿಚೀಲದವನು ಬಂದ ದಿನವೇ ದಾರ ಹರಿದಿದ್ದರೆ ಏನು ಗತಿ ಎಂದು ರೇಗಿದೆ. ಆಗ ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಹರಿಯೋದs ಛಲೋ ಅಲ್ರೀ. ಎಲ್ಯರೆ ಸಿಕ್ಕೊಂಡ್ರ ದಾರ ಹರೀತದ, ಬೆಕ್ಕು ಮನೀಗಿ ಬರ್ತದ.”

ನಾನು ನಕ್ಕೆ. ನಿನಗೇನು ತಿಳಿಯುತ್ತದೆ, ಇದು ನನ್ನ ಕಸುಬು ಅಂದೆ.

ಪ್ರೀತಿಯಿಂದಲೇ ಮಾಡಿದೆ — ಇದನ್ನು ಹೇಳಲೂ ನಾಚಿಕೆಯಾಗುತ್ತದೆ. ಪರೀಕ್ಷೆಯಲ್ಲಿ ಪಾಸಾದ ಪಟ್ಟಿಯ ತುಂಡು ತಂದೆ. ಕೊರಳು ಉಜ್ಜದಿರಲೆಂದು ಒಳಗಡೆ ಹಳೆಯ ಫ್ಲಾನೆಲ್ ಹೊಲಿದೆ. ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಬಿಟ್ಟು, ಕೈಗಡಿಯಾರದ ಹಳೆಯ ಬಕ್ಕಲ್ ಹಾಕಿದೆ. ಸೋನಿ ಒಂದೆರಡು ಸಲ ಹಿಂಗಾಲಿನಿಂದ ಕೆರೆದು ಸುಮ್ಮನಾಯಿತು. ಅದಕ್ಕೆ ಹಿತವಾಗಿಯೇ ಇತ್ತು. ಹಿತವಾಗಿದೆಯೇ ಎಂದು ಅಷ್ಟು ನೋಡಿದವನು, ಸಿಕ್ಕಿಕೊಂಡರೆ ಬಿಡುತ್ತದೆಯೇ ಎಂದು ನೋಡಲಿಲ್ಲ. ಚಾಳಿನವರೆಲ್ಲ ಹೊಗಳಿದರು. ಹೊಗಳಿದವರಲ್ಲಿ ನೀವೂ ಇದ್ದಿರಿ, ವಹಿನಿ.

ಆಮೇಲೆ ಆ ಪಾಪ್ಲೆಟ್ ಜಗಳ. ನೆಂಟರು ಬರುತ್ತಾರೆಂದು ತಂದಿಟ್ಟ ಮೀನನ್ನು ಸೋನಿ ಹೊತ್ತೊಯ್ದಿತ್ತು. ನೀವು ಪಡಸಾಲೆಯಲ್ಲಿ ನಿಂತು, ಇನ್ನೊಮ್ಮೆ ಒಳಗೆ ಕಾಲಿಟ್ಟರೆ ಅನ್ನದಲ್ಲಿ ಇಲಿಪಾಷಾಣ ಕಲಸಿ ಇಡುತ್ತೇನೆ ಎಂದು ಕೂಗಿದಿರಿ. ಸಂಜೆಗೆ ನೀವೇ ಅದಕ್ಕೆ ಮೀನಿನ ಬಾಲ ಹಾಕಿದ್ದನ್ನು ನಾನು ಕಂಡಿದ್ದೇನೆ. ಆದರೆ ಕೂಗಿದ್ದನ್ನು ಎಲ್ಲರೂ ಕೇಳಿದರು, ಬಾಲ ಹಾಕಿದ್ದನ್ನು ಬೇರೆ ಯಾರೂ ನೋಡಲಿಲ್ಲ.

ಅದಾಗಿ ಕೆಲವೇ ದಿನಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ಹಾಲಿನ ಬೂತಿಗೆ ಹೋಗುವಾಗ — ಬೇಲಿಯ ಕಬ್ಬಿಣದ ಕಂಬಕ್ಕೆ ಮೇಲ್ಗಡೆ ಒಂದು ಕೊಕ್ಕೆ ಇತ್ತಲ್ಲ, ಅಲ್ಲಿ — ಸೋನಿ ನೇತಾಡುತ್ತಿತ್ತು. ಹಾರುವಾಗ ಪಟ್ಟಿ ಸಿಕ್ಕಿಕೊಂಡಿತ್ತು. ಕಂಬದ ಬಣ್ಣದ ಮೇಲೆಲ್ಲ ಉಗುರಿನ ಗೀರು. ಎಷ್ಟು ಹೊತ್ತು ಒದ್ದಾಡಿತ್ತೋ... ಪಟ್ಟಿಯ ಒಂದು ಎಳೆಯೂ ಬಿಚ್ಚಿರಲಿಲ್ಲ. ಅದನ್ನು ನೋಡಿದಾಗ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ದುಃಖವಲ್ಲ, ವಹಿನಿ. ಪಟ್ಟಿ ತಡೆದುಕೊಂಡಿದೆ ಎಂಬ ಯೋಚನೆ ಬಂತು. ಒಂದು ಕ್ಷಣವೇ ಇರಬಹುದು, ಆದರೆ ಬಂತು. ಅಂಥ ಮನುಷ್ಯ ನಾನು.

ಬಕ್ಕಲ್ ಬಿಚ್ಚಿ ಇಳಿಸಿದೆ. ಪೊದೆಯ ಹಿಂದೆ ಕೈಯಿಂದಲೇ ಮಣ್ಣು ತೋಡಿ ಮುಚ್ಚಿದೆ. ಪಟ್ಟಿಯನ್ನು ಜೇಬಿನಲ್ಲಿ ಹಾಕಿಕೊಂಡು, ಹಾಲು ತೆಗೆದುಕೊಂಡು ಮನೆಗೆ ಬಂದೆ. ಗಿರಿಜೆ ಬಾಗಿಲಲ್ಲೇ ನಿಂತು, ಸೋನಿ ಕಂಡಿತೇ ಎಂದು ಕೇಳಿದಳು. ಇಲ್ಲ ಅಂದೆ. ಬೇಕೆಂದು ಯೋಚಿಸಿ ಹೇಳಿದ ಸುಳ್ಳಲ್ಲ. ‘ನಾನು ಮೊದಲೇ ಹೇಳಿರಲಿಲ್ಲವೇ’ ಎಂದು ಅವಳು ಅಂದಾಳೆಂಬ ಹೆದರಿಕೆಯಷ್ಟೇ. ಅವಳ ಆ ಒಂದು ಮಾತನ್ನು ತಪ್ಪಿಸಿಕೊಳ್ಳಲು — ಅಷ್ಟಕ್ಕೆ, ಬರೀ ಅಷ್ಟಕ್ಕೆ — ನಾನು ನಿಮ್ಮ ಬದುಕನ್ನು ಹಾಳುಮಾಡಿದೆ. ಮರುದಿನ ಲೋಕಲಿನ ಬಾಗಿಲಲ್ಲಿ ನಿಂತು ಪಟ್ಟಿಯನ್ನು ಕಳವಾ ಖಾಡಿಗೆ ಎಸೆದೆ.

ಅವಳು ಹುಡುಕಿದಳು. ಹಳಿಗುಂಟ, ಪವರ್‌ಹೌಸಿನ ಕಡೆ, ಡೊಂಬಿವಲಿಯ ತನಕ ಸೋನಿ ಸೋನಿ ಎಂದು ಕರೆಯುತ್ತ ಹೋದಳು. ಅವಳ ಜೊತೆಗೆ ನಾನೂ ಹೋದೆ. ಇಲ್ಲದ ಬೆಕ್ಕನ್ನು ಬಾಯಿತುಂಬ ಕರೆದೆ. ಆಮೇಲೆ ಯಾರೋ ನಿಮ್ಮ ಇಲಿಪಾಷಾಣದ ಮಾತನ್ನು ನೆನಪಿಸಿದರು. ಗಿರಿಜೆ ನಿಮ್ಮ ಬಾಗಿಲಿಗೆ ಬಂದು, ನೀವೇ ಕಲಿಸಿದ ಮರಾಠಿಯಲ್ಲಿ, ವಿಷ ಹಾಕಿದವಳು ನೀನೇ ಎಂದಳು. ನೀವು ನಿಮ್ಮ ಮಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಿರಿ. ಮಾಡುತ್ತ ಒಮ್ಮೆ ನನ್ನ ಕಡೆ ನೋಡಿದಿರಿ, ನೀವಾದರೂ ಹೇಳಿ ಎಂಬಂತೆ. ನಾನು ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಗಲೂ ತಡವಾಗಿರಲಿಲ್ಲ. ಆದರೆ ನೀವು ಹೊಟ್ಟೆ ಹೊರೆಯುತ್ತಿದ್ದುದೇ ನೌಕರಿಯ ಹುಡುಗರಿಗೆ ಊಟದ ಡಬ್ಬ ಕಟ್ಟಿಕೊಟ್ಟು. ಬೆಕ್ಕಿಗೆ ವಿಷ ಹಾಕಿದ ಕೈಯ ಅಡುಗೆ ಯಾರಿಗೆ ಬೇಕು? ಮೊದಲು ಒಬ್ಬ ಬಿಟ್ಟ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ನೀವು ಮಾಡಿದ ಎಳ್ಳುಂಡೆ ತಟ್ಟೆಯಲ್ಲೇ ಉಳಿಯಿತು. ಹೆಂಗಸರು ಕುಂಕುಮ ಹಚ್ಚಿಸಿಕೊಂಡು, ಉಂಡೆಯನ್ನು ಸೆರಗಿನಲ್ಲಿಟ್ಟುಕೊಳ್ಳದೆ ಎದ್ದರು. ಗಿರಿಜೆಯಂತೂ ಬರಲೇ ಇಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ನೀವು ಖೋಲಿ ಖಾಲಿ ಮಾಡಿ ದಿವಾಕ್ಕೆ ಹೋದಿರಿ. ನಿಮ್ಮ ಟ್ರಂಕನ್ನು ಕೈಗಾಡಿಗೆ ಏರಿಸಲು ಕೈ ಹಾಕಿದವನು ನಾನು. ಭಾವೂಜಿ ದೇವರಂಥ ಮನುಷ್ಯ ಎಂದಿರಿ. ಕೇಳಿಸಿಕೊಂಡು ನಿಂತಿದ್ದೆ.

ಮೊನ್ನೆ ದಿವಾ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಲು ಇಳಿದಾಗ ನೀವೇ ನನ್ನ ಗುರುತು ಹಿಡಿದಿರಿ. ಕೂದಲು ಪೂರ್ತಿ ನೆರೆತಿದೆ. ನಮ್ಮ ಆರೋಗ್ಯ ಕೇಳುವ ಮೊದಲೇ ಕೇಳಿದಿರಿ —

“ಭಾವೂಜಿ, ತುಮಚಂ ಮಾಂಜರ್ ಪರತ್ ಆಲಂ ಕಾ?”

ನಿಮ್ಮ ಬೆಕ್ಕು ತಿರುಗಿ ಬಂತೇ ಎಂದು. ಅದು ಎಂದಾದರೂ ತಾನಾಗಿ ನಡೆದು ಬಂದು ನಿಮ್ಮ ಹೆಸರು ಬಿಡಿಸೀತೆಂದು ಇಷ್ಟು ವರ್ಷ ಕಾದಿದ್ದೀರಿ. ಇಲ್ಲ ಅಂದೆ. ಎರಡನೆಯ ಸಲ ಅದೇ ‘ಇಲ್ಲ’. ‘ಗಿರಿಜೆಗೆ ಹೇಳಿ, ನಾನೇನೂ ಮಾಡಿಲ್ಲ’ ಎಂದಿರಿ ನೀವು. ಹೇಳುತ್ತೇನೆ ಎಂದು ಗೋಣು ಹಾಕಿದೆ. ಗಾಡಿ ಬಂತು, ಹತ್ತಿದೆ. ಮನೆಗೆ ಬಂದು ಹೇಳಲಿಲ್ಲ. ಅಂದಿನಿಂದ ಕಣ್ಣು ಮುಚ್ಚಿದರೆ ನಿಮ್ಮ ಆ ಪ್ರಶ್ನೆ. ಹೇಳಿದರೆ ಗಿರಿಜೆ ನನ್ನ ಮುಖ ನೋಡಲಾರಳು. ಹೇಳದಿದ್ದರೆ ನಾನೇ ನೋಡಿಕೊಳ್ಳಲಾರೆ.

ಈಗ ನೋಡಿ, ಇಷ್ಟೆಲ್ಲ ಬರೆದದ್ದು ಕನ್ನಡದಲ್ಲಿ. ನಿಮಗೆ ಕನ್ನಡ ಬಾರದು. ಬರೆಯಲು ಕೂತಾಗಲೇ ಅದು ನನಗೆ ಗೊತ್ತಿತ್ತು. ಕ್ಷಮೆ ಕೇಳುವಾಗಲೂ ನಿಮಗೆ ಕೇಳಿಸದ ಹಾಗೆ ಕೇಳುವ ಜಾಣತನ ಇದು. ಮರಾಠಿಯಲ್ಲಿ ಇದನ್ನು ನಿಮ್ಮ ಎದುರು ನಿಂತು ಹೇಳಬೇಕು. ಅದಕ್ಕೂ ಮೊದಲು ಗಿರಿಜೆಗೆ ಹೇಳಬೇಕು. ಕೇಳಿದ ಮೇಲೆ ಅವಳು ನನ್ನ ಜೊತೆ ದಿವಾಕ್ಕೆ ಬರುತ್ತಾಳೋ, ನನ್ನನ್ನು ಇಲ್ಲೇ ಬಿಟ್ಟು ಒಬ್ಬಳೇ ನಿಮ್ಮಲ್ಲಿಗೆ ಓಡುತ್ತಾಳೋ, ನನಗೆ ತಿಳಿಯದು. ಹೇಗಾದರೂ ಸರಿ, ಅವಳಿಗೆ ಅವಳ ಅಕ್ಕ ಸಿಗಲಿ.

ಒಳಗೆ ಕೂತು ಅಕ್ಕಿ ಆರಿಸುತ್ತಿದ್ದಾಳೆ. ಕರೆಯುತ್ತೇನೆ.