ಲಿಫ್ಟ್ ಮೇಸ್ತ್ರಿಯ ಹೊಟ್ಟೆಕಿಚ್ಚು

ನಮ್ಮ ಬೀದಿಯ ಲಿಫ್ಟ್ ಮೇಸ್ತ್ರಿ ಇಪ್ಪತ್ತೆರಡು ವರ್ಷಗಳಿಂದ ಊಟಕ್ಕೆ ಕೂತಾಗಲೆಲ್ಲ ಹೆಂಡತಿಗೆ ಲಿಫ್ಟಿನ ಮಹಿಮೆ ಸಾರುತ್ತ ಬಂದಿದ್ದಾನೆ. ಆಕೆ ಅಷ್ಟೇ ನಿಷ್ಠೆಯಿಂದ ಆಕಳಿಸುತ್ತ ಬಂದಿದ್ದಾಳೆ. ಇಂಥ ಶಾಂತ ಸಂಸಾರದೊಳಕ್ಕೆ ಮೂರನೆಯವಳೊಬ್ಬಳು ಕಾಲಿಟ್ಟಳು: ಆಪ್ತಸಲಹೆಗಾರ್ತಿ.

ಹೆಂಡತಿ ಗ್ರಂಥಾಲಯದಲ್ಲಿ ಗುಮಾಸ್ತೆ. ಪುಟ ಹರಿದು ಪುಸ್ತಕ ಮರಳಿಸಿದ ಓದುಗನೊಬ್ಬನ ಮೇಲೆ ತಾರೀಖಿನ ಮೊಹರು ಎಸೆದಿದ್ದಳು. ಸಿಟ್ಟು ಇಳಿಸಿಕೊಂಡು ಬಾ ಎಂದು ಮೇಲಧಿಕಾರಿ ಸಲಹೆಗಾರ್ತಿಯ ಬಳಿಗೆ ಅಟ್ಟಿದ. ಮೊದಲ ದಿನವೇ ಮುಖ ಅರಳಿಸಿಕೊಂಡು ಬಂದಳು.

"ಸಿಟ್ಟು ಅಂದ್ರೆ ಲಿಫ್ಟ್ ಇದ್ದ ಹಾಗಂತೆ ರೀ. ಐದನೇ ಮಹಡಿಗೆ ಹೋಗ್ಬಿಟ್ರೆ ಅಲ್ಲಿಂದ ಧುಮುಕಬಾರದು. ಕಣ್ಮುಚ್ಕೊಂಡು ಒಂದೊಂದೇ ಮಹಡಿ ಇಳೀಬೇಕಂತೆ. ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ?"

ಮೇಸ್ತ್ರಿಯ ಹೊಟ್ಟೆಗೆ ಬೆಂಕಿ ಬಿತ್ತು. ಪರಪುರುಷನ ಹೆಸರೆತ್ತಿದ್ದರೂ ಸಹಿಸಿಕೊಳ್ಳುತ್ತಿದ್ದನೇನೋ. ಅವಳು ಎತ್ತಿದ್ದು ಲಿಫ್ಟಿನ ಹೆಸರು!

ಸಲಹೆಗಾರ್ತಿಯ ಕಟ್ಟಡದ ಲಿಫ್ಟಿಗೆ ಗ್ರೀಸ್ ಹಚ್ಚುವವನೂ ಅವನೇ. ಮರುವಾರ ಸ್ಪ್ಯಾನರನ್ನು ಗದೆಯಂತೆ ಹೆಗಲಿಗೇರಿಸಿ ದಂಡೆತ್ತಿ ಹೋದ. ಕೆಲಸಕ್ಕೆಂದು ನಿಲ್ಲಿಸಿದ್ದ ಲಿಫ್ಟಿನೆದುರು ಸಲಹೆಗಾರ್ತಿ ಕಾಯುತ್ತಿದ್ದಳು. ಮೇಸ್ತ್ರಿ ತಾನು ಯಾರ ಗಂಡನೆಂದು ಹೇಳಲಿಲ್ಲ. ಲಿಫ್ಟ್ ತಾನಾಗಿ ಇಳಿಯುತ್ತದೆಯೇ, ಹಗ್ಗದ ಆಚೆ ತುದಿಯಲ್ಲಿ ಎದುರುತೂಕವೊಂದು ಏರುತ್ತಿರುತ್ತದೆ, ಪಾಪ ಅದನ್ನು ಕೇಳುವವರೇ ಇಲ್ಲ ಎಂದು ಅರ್ಧ ಗಂಟೆ ಕೊರೆದ. ಆಕೆ ತಲೆದೂಗಿ ಪುಸ್ತಕದಲ್ಲಿ ಬರೆದುಕೊಂಡಳು. ಗೆದ್ದೆನೆಂದು ಮೀಸೆ ತಿರುವುತ್ತ ಮನೆಗೆ ಬಂದ.

ಎರಡು ದಿನದ ಮೇಲೆ ಹೆಂಡತಿ ಸಾರು ಬಡಿಸುತ್ತ ಶುರುಮಾಡಿದಳು. "ಇವತ್ತು ಹೊಸದೊಂದು ಹೇಳಿದ್ರು. ಲಿಫ್ಟ್ ಇಳಿಯುವಾಗ ಆ ಕಡೆ ಒಂದು ತೂಕ ಹಿಡ್ಕೊಂಡಿರುತ್ತಂತೆ. ಲಿಫ್ಟಿನಷ್ಟೇ ಭಾರ. ಹಾಗೆ ನನ್ನನ್ನೂ ಯಾರೋ ಹಿಡ್ಕೊಂಡಿರ್ತಾರಂತೆ."

ತನ್ನ ಕೂಸು ಪರರ ಕಂಕುಳಲ್ಲಿ! ಬಾಯಿಬಿಟ್ಟರೆ ಕಳ್ಳಭೇಟಿ ಬಯಲು. ಮೇಸ್ತ್ರಿ ಮೂರು ತುತ್ತು ಹೇಗೋ ನುಂಗಿದ. ನಾಲ್ಕನೆಯದು ಇಳಿಯಲಿಲ್ಲ.

"ಲಿಫ್ಟಿನಷ್ಟೇ ಅಲ್ಲ ಕಣೇ. ಲಿಫ್ಟಿನ ಭಾರ, ಜೊತೆಗೆ ಅದು ಹೊರೋ ಜನರ ಭಾರದಲ್ಲಿ ಅರ್ಧ. ಆಯಮ್ಮನಿಗೆ ಸರಿಯಾಗೇ ಹೇಳಿದ್ದೆ."

ಸೌಟು ಮೇಲೆದ್ದಿತು. "ನೀವು ಅಲ್ಲಿಗೂ ಹೋಗಿದ್ರಾ?"

ಮೇಸ್ತ್ರಿ ತಟ್ಟೆಯನ್ನು ಗುರಾಣಿ ಮಾಡಿಕೊಳ್ಳುವಷ್ಟರಲ್ಲಿ ಅವಳು ಕಣ್ಣು ಮುಚ್ಚಿದಳು. ಐದು, ನಾಲ್ಕು, ಮೂರು ಎಂದು ತುಟಿ ಅಲುಗಿತು. ಸೌಟೂ ಮಹಡಿ ಮಹಡಿಯಾಗಿ ಇಳಿಯಿತು. ತಾನು ರಿಪೇರಿ ಮಾಡಿದ ಒಂದೇ ಒಂದು ಲಿಫ್ಟೂ ಇಷ್ಟು ನುಣ್ಣಗೆ ಇಳಿದಿಲ್ಲವಲ್ಲ ಎಂದು ಅವನು ಆಗಲೂ ಕರುಬಿದ.

ನೆಲಮಹಡಿಯಲ್ಲಿ ಕಣ್ಣು ಬಿಟ್ಟವಳು ಎದುರಿಗೆ ಕೂತಳು. "ಸರಿ, ಹೇಳಿ. ಅರ್ಧ ಯಾಕೆ?"

ಇಪ್ಪತ್ತೆರಡು ವರ್ಷ ಕಾದ ಪ್ರಶ್ನೆ. ಮೇಸ್ತ್ರಿಯ ಬಾಯಿ ಒಣಗಿ, ಮೊದಲು ನೀರು ಕೇಳಬೇಕಾಯಿತು.